ಮಾರಾಟಕ್ಕಿಟ್ಟ ಮಿಲಿಟರಿ ಗಾಡಿ

ಹಿಟ್ಟಿಗೆ ಇನ್ನು ನಾಲ್ಕು ಗುದ್ದು ಬಿದ್ದಿದ್ದರೆ ಸಾಕಿತ್ತು. ಅಷ್ಟರಲ್ಲಿ ಅಂಗಳದಿಂದ ಗಂಡನ ಕೂಗು ಬಂತು.

“ಆರ್ಲಿಸ್! ಬಂದು ಸೆಲ್ಫ್ ಹೊಡಿ, ಬೇಗ!”

ಆರ್ಲಿಸ್ ಕಿಟಕಿಯಾಚೆ ನೋಡಿದಳು. ಮೈಲೋನ ಕಾಲುಗಳಷ್ಟೇ ಕಾಣುತ್ತಿದ್ದವು, ಉಳಿದ ಮೈಯೆಲ್ಲ ಬಾನೆಟ್ಟಿನ ಬಾಯೊಳಗಿತ್ತು.

“ಮೊಣಕೈತನಕ ಹಿಟ್ಟು ಕಣೋ!”

“ಗ್ರೀಸು ಕಂಡಿರೋ ಗಾಡಿ, ಹಿಟ್ಟು ಕಂಡ್ರೆ ಸಾಯಲ್ಲ. ಬಾ!”

ಕೊಲಾಚೆ ಎಂಬ ಗಸಗಸೆ ಬನ್ನಿನ ಹಿಟ್ಟು ಮುನಿಸಿಕೊಳ್ಳುವ ಜಾತಿಯದು. ಅರ್ಧಕ್ಕೆ ಬಿಟ್ಟು ಹೋದರೆ ಬನ್ನು ಉಬ್ಬದೆ ಸೇಡು ತೀರಿಸಿಕೊಳ್ಳುತ್ತದೆ. ಅವಳು ಅದರ ಮೇಲೆ ಒದ್ದೆ ಬಟ್ಟೆ ಹಾಕಿ, ಕೈ ಕೊಡವುತ್ತ ಬಾಗಿಲಿಗೆ ನಡೆದಳು. ಮೇಜಿನ ಪಕ್ಕ ಗಸಗಸೆಯ ಬಟ್ಟಲನ್ನು ತಬ್ಬಿಕೊಂಡು ಕೂತಿದ್ದ ಮಗಳು ಡೀಲಿಯಾ ಹಿಂದೆಯೇ ಎದ್ದುಬಂದಳು.

“ಅಮ್ಮ, ಒಂದು ಕೇಳ್ಲಾ?”

“ಆಮೇಲೆ ಚಿನ್ನ. ಮೊದಲು ಈ ರಾಕ್ಷಸನನ್ನ ಎಬ್ಬಿಸೋಣ.”

ರಾಕ್ಷಸ ಕೊಟ್ಟಿಗೆಯ ಮುಂದೆ ನಿಂತಿತ್ತು. ಸೇನೆ ಕೈಬಿಟ್ಟ ಹಳೆಯ ಪಿಕಪ್. ಹಸಿರು, ಕಂದು, ಕಪ್ಪು ತೇಪೆಗಳ ಬಣ್ಣ. ಅದರ ಮೇಲೆ ಎಷ್ಟು ಮಳೆಗಾಲ ಕಳೆದಿದ್ದರೂ ಬಾಗಿಲ ಮೇಲಿನ ಅಂಕಿಗಳು ಅಳಿಸಿರಲಿಲ್ಲ. ಮೈಲೋ ಬೆಳಗ್ಗೆ ಎದ್ದವನೇ ಅದಕ್ಕೆ ಸೋಪು ಹಚ್ಚಿ ತೊಳೆದಿದ್ದ. ತನ್ನ ತಲೆಗೆ ಅವನು ಅಷ್ಟು ಸೋಪು ಹಾಕಿಕೊಂಡಿದ್ದನ್ನು ಆರ್ಲಿಸ್ ಕಂಡಿರಲಿಲ್ಲ.

ಅವಳು ಹತ್ತಿ ಕೂತು ಬೆನ್ನಿಗೆ ದಿಂಬು ಇಟ್ಟುಕೊಂಡಳು. ದಿಂಬಿಲ್ಲದಿದ್ದರೆ ಕಾಲು ಬ್ರೇಕಿಗೆ ನೆಟ್ಟಗೆ ಎಟುಕುತ್ತಿರಲಿಲ್ಲ. ಕೀ ಅರ್ಧ ತಿರುಗಿಸಿದಾಗ ಕಾಯಲು ಹೇಳುವ ದೀಪ ಹತ್ತಿತು. ಕಾದಳು. ದೀಪ ಆರಿತು.

“ಈಗ!” ಎಂದ ಮೈಲೋ.

ಎಂಜಿನ್ ಒಮ್ಮೆ ಕೆಮ್ಮಿ ಸುಮ್ಮನಾಯಿತು.

“ಇನ್ನೊಂದ್ಸಲ. ಹೀಟರ್ ಪ್ಲಗ್ ಒಂದು ತಣ್ಣಗಿದೆ, ಅಷ್ಟೇ.”

“ತಣ್ಣಗಿರೋದು ನಾನೊಬ್ಬಳೇ ಅಂದ್ಕೊಂಡಿದ್ದೆ.”

“ಏನಂದೆ?”

“ಏನಿಲ್ಲ. ತಿರುಗಿಸ್ತಾ ಇದ್ದೀನಿ.”

ಮೂರನೆಯ ಸಲಕ್ಕೆ ಗಾಡಿ ಬೊಬ್ಬಿರಿದು ಎದ್ದಿತು. ಕಪ್ಪು ಹೊಗೆ ಒಣಹಾಕಿದ್ದ ಬಟ್ಟೆಗಳ ಕಡೆಗೇ ಹೋಯಿತು. ಬಾನೆಟ್ಟಿನಿಂದ ಹೊರಬಂದ ಮೈಲೋನ ಮುಖ ಹಬ್ಬದ ದೀಪದ ಹಾಗಿತ್ತು. ಆ ಮುಖ ನೋಡಿದರೆ ಆರ್ಲಿಸ್‌ಗೆ ಬೈಯಲು ಬಾಯಿ ಬರುತ್ತಿರಲಿಲ್ಲ. ಅವಳ ತಾಪತ್ರಯ ಇದ್ದದ್ದೇ ಅಲ್ಲಿ.

ಇವತ್ತು ಗಾಡಿ ಮಾರಾಟವಾಗಬೇಕಿತ್ತು. ಆಗಲೇಬೇಕಿತ್ತು. ಪೇಟೆಯ ಶಾಲೆಯ ಅಡುಗೆಮನೆಯಲ್ಲಿ ಅವಳನ್ನು ಕೆಲಸಕ್ಕೆ ಕರೆದಿದ್ದರು. ದನಗಳಿಗೆ ಗುರುತಿನ ಬರೆ ಹಾಕುವ ದಿನ ಸೇರುವ ಗುಂಪಿಗೆ, ಚರ್ಚಿನ ಊಟಗಳಿಗೆ, ಸತ್ತವರ ಮನೆಗಳಿಗೆ ಅವಳು ಬೇಯಿಸಿ ಬಡಿಸಿದ್ದಕ್ಕೆ ಲೆಕ್ಕವಿಲ್ಲ. ಆದರೆ “ನೀನೇ ಬೇಕು” ಎಂದು ಒಬ್ಬರು ಫೋನು ಮಾಡಿ ಕೇಳಿದ್ದು ಇದೇ ಮೊದಲು. ಅಡುಗೆಮನೆ ನೋಡಿಕೊಳ್ಳುವ ಹ್ರುಸ್ಕಾ ಮುದುಕಿ ಕಡ್ಡಿ ಮುರಿದಂತೆ ಹೇಳಿದ್ದಳು: “ಸೋಮವಾರ ಬೆಳಕು ಹರಿಯೋದ್ರೊಳಗೆ ಒಲೆ ಹತ್ತಿರಬೇಕು ಆರ್ಲಿಸ್. ಶನಿವಾರ ಮಧ್ಯಾಹ್ನದೊಳಗೆ ಹೂಂ ಅನ್ನು, ಇಲ್ಲಾ ಬೇರೆಯವಳನ್ನ ಕರೀತೀನಿ. ನಂಗೆ ಬೇಜಾರಿಲ್ಲ, ನಿಂಗೂ ಬೇಡ.”

ಇವತ್ತೇ ಆ ಶನಿವಾರ.

ಪೇಟೆ ಪೂರ್ವಕ್ಕೆ. ಮೈಲೋ ಕೆಲಸ ಮಾಡುವ ಕೌಂಟಿ ಸರ್ಕಾರದ ರಸ್ತೆ ಕೆಲಸದ ಷೆಡ್ಡು ಪಶ್ಚಿಮಕ್ಕೆ. ಇಬ್ಬರೂ ಕತ್ತಲಿರುವಾಗಲೇ ಹೊರಡಬೇಕು. ನಡುವೆ ಹುಲ್ಲುಗುಡ್ಡ, ಬೇಲಿ, ಗಾಳಿ ಬಿಟ್ಟರೆ ಏನಿಲ್ಲ. ನೆಬ್ರಾಸ್ಕದ ಈ ಮೂಲೆಯಲ್ಲಿ ಗಾಡಿಯಿಲ್ಲದವನು ಕಾಲಿಲ್ಲದವನೇ. ಇರುವುದು ಒಂದೇ ಗಾಡಿ.

ಎರಡಿದ್ದವು. ಆರ್ಲಿಸ್‌ಗೆ ಅವಳದೇ ಕಾರು ಇತ್ತು. ಕಳೆದ ಶರತ್ಕಾಲದ ಒಂದು ಭಾನುವಾರ ಅದರ ಬ್ಯಾಟರಿ ಸತ್ತಿತು. ಚರ್ಚಿಗೆ ಹೊತ್ತಾಗುತ್ತಿತ್ತು. ಮೈಲೋ ಕುಣಿಯುತ್ತ ಬಂದ. “ನೋಡ್ತಿರು, ನನ್ನ ಹುಡುಗ ನಿನ್ನ ಹುಡುಗೀನ ಒಂದೇ ಏಟಿಗೆ ಎಬ್ಬಿಸ್ತಾನೆ!” ಮಿಲಿಟರಿ ಗಾಡಿಗೆ ಎರಡು ಬ್ಯಾಟರಿ, ಕಾರಿಗಿಂತ ಎರಡು ಪಟ್ಟು ವೋಲ್ಟು. ಅದರ ಮೂತಿಯಲ್ಲಿರುವ ಸಾಕೆಟ್ಟಿನಿಂದ ಸಾಮಾನ್ಯ ಕಾರಿಗೆ ತಂತಿ ಕೊಡಬಾರದು. ಇದನ್ನು ಸುತ್ತಲಿನ ಊರಿನವರಿಗೆಲ್ಲ ಪಾಠ ಹೇಳಿಕೊಟ್ಟವನೇ ಮೈಲೋ. ಹಾಗೆ ಹೇಳಿಕೊಟ್ಟವನು, ತನ್ನ ಗಾಡಿಯ ಪೌರುಷ ತೋರಿಸುವ ಆತುರದಲ್ಲಿ, ಅದೇ ಸಾಕೆಟ್ಟಿಗೆ ತಂತಿ ಚುಚ್ಚಿದ. ಟಪ್ ಎಂದಿತು. ಕಾರಿನೊಳಗಿನ ಕಂಪ್ಯೂಟರು ಒಂದು ಸಣ್ಣ ಎಳೆ ಹೊಗೆ ಬಿಟ್ಟು ಪ್ರಾಣ ಬಿಟ್ಟಿತು. ಅಂದಿನಿಂದ ಕಾರು ಕೊಟ್ಟಿಗೆಯೊಳಗೆ ಕೋಳಿಗಳಿಗೆ ಮಂಚವಾಗಿತ್ತು.

ಮೈಲೋ ಆ ರಾತ್ರಿ ಊಟ ಮಾಡಿರಲಿಲ್ಲ. ಆರ್ಲಿಸ್ ಒಂದು ಮಾತೂ ಆಡಿರಲಿಲ್ಲ. ಆಡಿದ್ದರೆ ಚೆನ್ನಾಗಿತ್ತೇನೋ. ಶಾಲೆಯಿಂದ ಫೋನು ಬಂದ ಮೇಲೆ ಅವನೇ, “ಇದನ್ನ ಮಾರಿಬಿಡ್ತೀನಿ, ಎರಡು ಸಾದಾ ಕಾರು ತಂದ್ಬಿಡೋಣ” ಎಂದಿದ್ದ. ಪೇಟೆಯಲ್ಲಿರುವ ಅವನ ಚಿಕ್ಕಪ್ಪನ ಮಗ ಎರಡು ಹಳೆಯ ಕಾರುಗಳನ್ನು ತೆಗೆದಿಟ್ಟು ಕಾಯುತ್ತಿದ್ದ. ಕೊಳ್ಳುವವನು ನಾರ್ತ್ ಪ್ಲಾಟ್ ಊರಿನಿಂದ ಬೆಳಗ್ಗೆಯೇ ಬರುವುದಾಗಿ ಹೇಳಿದ್ದ.

ಅವನು ಬಂದದ್ದೂ ಅಂಥದೇ ಮಿಲಿಟರಿ ಪಿಕಪ್ಪಿನಲ್ಲಿ. ಧೂಳಿನ ನಡುವೆ ಆ ಮೂತಿ ಕಂಡ ಕೂಡಲೇ ಆರ್ಲಿಸ್‌ಗೆ ಇವನೂ ಮೈಲೋನಂಥ ಗಾಡಿ ಹುಚ್ಚನೇ ಎಂದು ಗೊತ್ತಾಯಿತು. ಹೆಸರು ಗೇಲೆನ್, ಹೊಟ್ಟೆ ಬಂದ ಹಸನ್ಮುಖಿ. ಇಳಿಯುವ ಮೊದಲೇ ಕಿಟಕಿಯಿಂದ ಎರಡು ಬೆರಳೆತ್ತಿ ನಮಸ್ಕಾರ ಮಾಡಿದ. ಮೈಲೋ ಕೂಡ ಎರಡು ಬೆರಳೆತ್ತಿದ. ಇಬ್ಬರೂ ಹೆಸರು ಕೇಳುವುದಕ್ಕೆ ಮುಂಚೆ ಬಾನೆಟ್ಟು ಎತ್ತಿದರು.

ಈ ಗಾಡಿಗಳ ಜನರಲ್ಲಿ ಒಂದು ಪದ್ಧತಿಯಿದೆ. ಮಾರುವವನೇ ಮೊದಲು ಗಾಡಿಯ ಕೇಡುಗಳನ್ನೆಲ್ಲ ಬಾಯಿಬಿಟ್ಟು ಹೇಳಬೇಕು. ಒಂದನ್ನು ಮುಚ್ಚಿಟ್ಟರೂ ಮರ್ಯಾದೆ ಹೋಯಿತು. ಹಸು ಮಾರುವವನು ಹಾಲಿನ ಮಾತಾಡುತ್ತಾನೆ. ಇವರು ಒದೆತದ ಮಾತಾಡುತ್ತಾರೆ.

“ಬಿಸಿಗಾಳಿ ನನ್ನ ಎಡಗಾಲಿಗೆ ಮಾತ್ರ ಬರುತ್ತೆ,” ಎಂದು ಶುರುಮಾಡಿದ ಮೈಲೋ. “ಹೆಂಡತಿ ಮಗಳು ಕಂಬಳಿ ಹೊದ್ಕೊಂಡು ಕೂರ್ಬೇಕು.”

“ನಂದೂ ಹಾಗೇ!” ಗೇಲೆನ್ ತೊಡೆ ತಟ್ಟಿದ.

“ಹೆದ್ದಾರೀಲಿ ಸ್ವಲ್ಪ ತುಳಿದ್ರೆ ತೋಳದ ಥರ ಊಳಿಡುತ್ತೆ. ಚರ್ಚಿನ ಮುದುಕೀರೂ ನನ್ನ ಹಿಂದೆ ಹಾಕಿ ಕೈಬೀಸ್ತಾರೆ.”

“ಅಯ್ಯೋ, ನಂದೂ!”

“ಇನ್ನು ಈ ಕತ್ತಲೆ ಸ್ವಿಚ್ಚು. ಶತ್ರೂಗೆ ಕಾಣಬಾರದು ಅಂತ ಇಟ್ಟದ್ದು. ಇದು ಆಚೆಗೆ ಬಿದ್ರೆ ಹೆಡ್‌ಲೈಟೂ ಇಲ್ಲ, ಬ್ರೇಕ್ ದೀಪಾನೂ ಇಲ್ಲ, ಹಾರ್ನೂ ಇಲ್ಲ. ಒಂದ್ಸಲ ಆರ್ಲಿಸ್ ಕೈ ತಗುಲಿ ಇಡೀ ಪೇಟೆ ಸುತ್ತಿ ಬಂದ್ಳು. ಪೊಲೀಸಪ್ಪ ನಿಲ್ಲಿಸಿ, ‘ಯಾವ ದೇಶದ ಮೇಲೆ ಯುದ್ಧಕ್ಕೆ ಹೊರಟ್ರಿ ತಾಯಿ’ ಅಂದನಂತೆ!”

ಇಬ್ಬರೂ ಹೊಟ್ಟೆ ಹಿಡಿದು ನಕ್ಕರು. ಕಾಫಿ ತಂದು ನಿಂತಿದ್ದ ಆರ್ಲಿಸ್ ನಗಲಿಲ್ಲ. ಅವತ್ತು ಪೊಲೀಸಿನವನ ಮುಂದೆ ಅವಳಿಗೆ ಕಣ್ಣೀರು ಬಂದಿತ್ತು. ಅದನ್ನು ಅವಳು ಮೈಲೋಗೆ ಹೇಳಿರಲಿಲ್ಲ.

“ಅಮ್ಮ,” ಡೀಲಿಯಾ ಸೆರಗು ಹಿಡಿದಂತೆ ಅವಳ ಏಪ್ರನ್ ಎಳೆದಳು. “ಈಗ ಕೇಳ್ಲಾ?”

“ದೊಡ್ಡವರು ವ್ಯಾಪಾರ ಮಾತಾಡ್ತಿದ್ದಾರೆ ಪುಟ್ಟಿ. ನಡುವೆ ಬಾಯಿ ಹಾಕ್ಬಾರದು.”

“ವ್ಯಾಪಾರ ಎಲ್ಲಿ ಮಾತಾಡ್ತಿದ್ದಾರೆ? ನಗ್ತಾ ಇದ್ದಾರೆ ಅಷ್ಟೇ.”

ಆರ್ಲಿಸ್ ಒಳಗೆ ಹೋಗಿ ಹಿಟ್ಟಿನ ಬಟ್ಟೆ ಎತ್ತಿ ನೋಡಿದಳು. ಅರೆಮನಸ್ಸಿನಿಂದ ಉಬ್ಬಿತ್ತು. ಉಂಡೆ ಕಟ್ಟಿ, ಹೆಬ್ಬೆರಳಿಂದ ಗುಳಿ ಒತ್ತಿ, ಗಸಗಸೆ ತುಂಬುತ್ತ ಕಿಟಕಿಯಾಚೆ ಕಣ್ಣಿಟ್ಟಳು. ಮೈಲೋ ಒಂದು ತಂತಿಯನ್ನು ಬೆರಳ ಮೇಲೆ ಎತ್ತಿ, ಅದು ಎಲ್ಲಿಂದ ಹೊರಟು ಎಲ್ಲಿಗೆ ಸೇರುತ್ತದೆ ಎಂದು ತೋರಿಸುತ್ತಿದ್ದ. ಅವನ ಭುಜಗಳು ಸಡಿಲವಾಗಿದ್ದವು.

ಷೆಡ್ಡಿನಿಂದ ಬಂದಾಗ ಆ ಭುಜಗಳು ಹಾಗಿರುತ್ತಿರಲಿಲ್ಲ. ರಸ್ತೆ ಸಮ ಮಾಡುವ ಹೊಸ ಯಂತ್ರಗಳು ಬಂದ ಮೇಲೆ ಅವನು ಅವುಗಳನ್ನು ಓಡಿಸಬಹುದೇ ಹೊರತು ಮುಟ್ಟುವಂತಿರಲಿಲ್ಲ. ಕೆಟ್ಟರೆ ಕಂಪನಿಯ ಹುಡುಗ ಬಂದು ಕಂಪ್ಯೂಟರು ಚುಚ್ಚಬೇಕು. ಅಲ್ಲಿಯವರೆಗೆ ಕೈಕಟ್ಟಿ ಕೂರಬೇಕು. “ಇದು ಹಾಗಲ್ಲ ಆರ್ಲಿಸ್,” ಎಂದಿದ್ದ ಒಮ್ಮೆ, ಗಾಡಿಯ ಕೆಳಗೆ ಅಂಗಾತ ಮಲಗಿಕೊಂಡೇ. “ಇದು ಕೆಟ್ರೆ ಎಲ್ಲಿ ಕೆಟ್ಟಿದೆ ಅಂತ ಕಣ್ಣಿಗೆ ಕಾಣುತ್ತೆ. ಹತ್ತೊಂಬತ್ತು ವರ್ಷದ ಸಿಪಾಯಿ ಮಳೇಲಿ, ಕತ್ತಲೇಲಿ ರಿಪೇರಿ ಮಾಡ್ಲಿ ಅಂತಲೇ ಕಟ್ಟಿದ್ದು. ಇದಕ್ಕೆ ನಾನು ಕೇಳಿದ್ದು ಅರ್ಥ ಆಗುತ್ತೆ.” ಕಳೆದ ಹಿಮಗಾಳಿಯಲ್ಲಿ ಹೊಸ ಹೊಸ ಗಾಡಿಗಳೆಲ್ಲ ಹೂತುಕೊಂಡು ನಿಂತಾಗ ನೆರೆಯ ಬಸುರಿಯನ್ನು ಆಸ್ಪತ್ರೆಗೆ ಮುಟ್ಟಿಸಿದ್ದು ಇದೇ ರಾಕ್ಷಸ. ಅದೆಲ್ಲ ಅವಳಿಗೆ ಗೊತ್ತಿತ್ತು. ಗೊತ್ತಿಲ್ಲದ ಹೆಂಗಸಾಗಿದ್ದರೆ ಯಾವತ್ತೋ ಕಿರುಚಾಡಿ ಹಗುರಾಗಿರುತ್ತಿದ್ದಳು.

ಕೊಲಾಚೆ ಬೆಂದವು. ಗೋಡೆಯ ಗಡಿಯಾರದ ದೊಡ್ಡ ಮುಳ್ಳು ಮೇಲಕ್ಕೆ ಹತ್ತುತ್ತಿತ್ತು. ಅವಳು ತಟ್ಟೆ ಹಿಡಿದು ಮತ್ತೆ ಅಂಗಳಕ್ಕೆ ಬಂದಾಗ ಇಬ್ಬರೂ ಗಾಡಿಯ ಕೆಳಗಿದ್ದರು. ನಾಲ್ಕು ಬೂಟುಗಳು ಹೊರಗೆ ಚಾಚಿದ್ದವು.

“ಗೇಲೆನ್ ಅವರೇ,” ಆರ್ಲಿಸ್ ದನಿಯನ್ನು ಆದಷ್ಟು ಮೆತ್ತಗೆ ಮಾಡಿಕೊಂಡಳು, “ಗಾಡಿ ಹಿಡಿಸ್ತಾ?”

ಗೇಲೆನ್ ತೆವಳಿಕೊಂಡು ಹೊರಬಂದು, ಪ್ಯಾಂಟಿಗೆ ಕೈ ಒರೆಸಿ ಕೊಲಾಚೆ ತೆಗೆದುಕೊಂಡ. “ಹಿಡಿಸೋದೇನು ಮೇಡಂ, ಚಿನ್ನ! ಒಂದು ಬೋಲ್ಟೂ ಬದಲಾಗಿಲ್ಲ. ಇದನ್ನ ನಾನು ತಗೊಂಡು ಹೋದ್ರೆ ಪಾಪ ಸುತ್ಕೊಳ್ಳುತ್ತೆ. ಇಂಥಾದ್ದನ್ನ ಯಾರಾದ್ರೂ ಮಾರ್ತಾರಾ ಅಂತ ಆಗ್ಲಿಂದ ಇವನಿಗೆ ಬೈತಾ ಇದ್ದೀನಿ.”

“ಬೈದ್ರಾ,” ಎಂದಳು ಆರ್ಲಿಸ್.

“ಬೈದೆ! ಆಮೇಲೆ ಹೇಳ್ದೆ, ನಮ್ಮನೇಲಿ ಇನ್ನೊಂದಿದೆ, ಎಂಜಿನ್ ಇಲ್ಲ, ಮೈ ಗಟ್ಟಿ. ಅದನ್ನ ಇವನೇ ಎಳ್ಕೊಂಡು ಬರ್ಲಿ. ಬಿಡಿಭಾಗಕ್ಕೆ ಜನ್ಮಪೂರ್ತಿ ಚಿಂತೆಯಿಲ್ಲ. ಏನೂ ಕೊಡೋದು ಬೇಡ. ಈ ಬನ್ನು ಇನ್ನೆರಡು ಕೊಟ್ರೆ ಸಾಕು.”

ಮೈಲೋ ಕೆಳಗಿಂದ ತಲೆ ಹೊರಹಾಕಿದ. ಕೆನ್ನೆಗೆ ಗ್ರೀಸು ಬಳಿದಿತ್ತು. ಅವಳ ಮುಖ ನೋಡಿ ಅವನ ನಗು ಸ್ವಲ್ಪ ಅಳುಕಿತು. ಆದರೂ ಬಾಯಿ ನಿಲ್ಲಲಿಲ್ಲ.

“ಜಾಗದ್ದೇ ಯೋಚನೆ ಮಾಡ್ತಿದ್ದೆ. ಕೊಟ್ಟಿಗೇಲಿ ನಿನ್ನ ಕಾರಿದೆಯಲ್ಲ, ಅದು ಹೇಗೂ ಸತ್ತಿರೋದು. ಅದನ್ನ ಗುಜರಿಗೆ ಎಳೆದು ಹಾಕಿದ್ರೆ...”

“ಹಾಕಿದ್ರೆ?”

“ಜಾಗ ಆಗುತ್ತೆ.”

ಆರ್ಲಿಸ್ ಕೈಯಲ್ಲಿದ್ದ ತಟ್ಟೆಯನ್ನು ಮುಂದಿನ ಬಂಪರಿನ ಮೇಲಿಟ್ಟಳು. ಹೇಳಬೇಕಾದದ್ದೆಲ್ಲ ನಾಲಗೆಯ ತುದಿಗೆ ಬಂತು: ಹ್ರುಸ್ಕಾ ಮುದುಕಿ, ಮಧ್ಯಾಹ್ನ, ಇಸ್ತ್ರಿ ಮಾಡಿಟ್ಟ ಬಿಳಿ ಏಪ್ರನ್, ನೀನೇ ಕೊಟ್ಟ ಮಾತು. ಬಂದದ್ದು ಬಂದ ಹಾಗೆಯೇ ಹಿಂದಕ್ಕೆ ಹೋಯಿತು. ಹೊರಗಿನವನ ಮುಂದೆ ಗಂಡನನ್ನು ಸಣ್ಣವನನ್ನಾಗಿ ಮಾಡಿ ಅವಳಿಗೆ ಅಭ್ಯಾಸವಿರಲಿಲ್ಲ. ಅವನ ಮುಖದಲ್ಲಿದ್ದ ಬೆಳಕನ್ನು ತಾನೇ ಊದಿ ಆರಿಸುವುದೂ ಅವಳಿಂದ ಆಗದು.

ಒಳಗೆ ಫೋನು ರಿಂಗಾಗತೊಡಗಿತು. ಯಾರದೆಂದು ಕೇಳಬೇಕಾದದ್ದೇ ಇರಲಿಲ್ಲ. ಮಧ್ಯಾಹ್ನದ ಹೊತ್ತಿಗೆ ತಾನಾಗಿಯೇ ಫೋನು ಮಾಡುವಷ್ಟು ಹ್ರುಸ್ಕಾಗೆ ಇವಳ ಮೇಲೆ ಆಸೆಯಿತ್ತು. ಆರ್ಲಿಸ್ ಒಂದು ಹೆಜ್ಜೆ ಇಟ್ಟು ನಿಂತಳು. ಎತ್ತಿ ಏನೆಂದು ಹೇಳುವುದು?

“ಯಾರದು ಫೋನು?” ಎಂದ ಮೈಲೋ. “ಎತ್ತಬಾರದಾ?”

ಅವನು ಮರೆತಿದ್ದ. ಬೇಕೆಂದು ಮಾಡಿದ್ದಲ್ಲ, ನಿಜವಾಗಿ ಮರೆತಿದ್ದ. ಅದು ಆರ್ಲಿಸ್‌ಗೆ ಬೈಗುಳಕ್ಕಿಂತ ಜೋರಾಗಿ ತಾಕಿತು.

ಡೀಲಿಯಾ ಅಮ್ಮನ ಏಪ್ರನ್ನು ಬಿಟ್ಟು ಮುಂದೆ ಬಂದಳು. ಅಮ್ಮನ ಮುಖವನ್ನೊಮ್ಮೆ ನೋಡಿದಳು, ತಡೆಯುತ್ತಾಳೇನೋ ಎಂದು. ಆರ್ಲಿಸ್ ಈ ಸಲ ತಡೆಯಲಿಲ್ಲ. ಹುಡುಗಿ ಅಪ್ಪನ ತಲೆಯ ಹತ್ತಿರ ಕುಕ್ಕರಗಾಲಲ್ಲಿ ಕೂತು, ಅವನ ಕಣ್ಣಿಗೆ ಕಣ್ಣು ಕೊಟ್ಟು ಕೇಳಿದಳು.

“ಅಪ್ಪಾ, ಸೋಮವಾರ ಬೆಳಗ್ಗೆ ಅಮ್ಮ ಯಾವುದರಲ್ಲಿ ಹೋಗ್ಬೇಕು?”