ಪಾಲಿಹೌಸಿಗೆ ಹೊದಿಸಿದ ಕಂಬಳಿ

ಏಪ್ರಿಲ್ ಇನ್ನೂ ಕಾಲಿಟ್ಟಿರಲಿಲ್ಲ, ಪ್ಲಾಸ್ಟಿಕ್ ಹಾಳೆ ಹೊದಿಸಿದ ಪಾಲಿಹೌಸಿನೊಳಗಿನ ಪಾದರಸ ಬೆಳಗ್ಗೆ ಹತ್ತಕ್ಕೇ ನಲವತ್ತೆರಡು ದಾಟಿತ್ತು. ಬೀರಲಿಂಗ ದೊಣ್ಣೆಮೆಣಸಿನ ಸಾಲಿನ ನಡುವೆ ಕುಕ್ಕರಗಾಲಲ್ಲಿ ಕೂತು, ಉದುರಿದ್ದ ಬಿಳಿ ಹೂಗಳನ್ನು ಅಂಗೈಗೆ ಬಾಚಿಕೊಂಡ. ಒಂದು ಹೂ ಉದುರಿದರೆ ಒಂದು ಕಾಯಿ ಹೋದಂತೆ. ಬೀಜ ಊರಿದ್ದು ಅವನು, ಒಂದೊಂದು ಗಿಡಕ್ಕೂ ದಾರ ಕಟ್ಟಿ ಮೇಲಕ್ಕೆ ಹಬ್ಬಿಸಿದ್ದು ಅವನು. ನಾಲ್ಕು ಸಾವಿರ ಗಿಡ. ಕಣ್ಣೆದುರೇ ಬೇಯುತ್ತಿದ್ದವು.

ಮಂಜಿನಂತೆ ನೀರು ಚಿಮ್ಮಿಸುವ ಫಾಗರ್ ಇತ್ತು, ಆಳೆತ್ತರದ ಫ್ಯಾನ್ ಇತ್ತು, ಬಿಸಿ ಏರಿದೊಡನೆ ಎರಡನ್ನೂ ತಾನಾಗಿಯೇ ಶುರು ಮಾಡುವ ಪೆಟ್ಟಿಗೆಯೂ ಇತ್ತು. ಕರೆಂಟು ಮಾತ್ರ ಇರಲಿಲ್ಲ. ದೊಡ್ಡಉಳ್ಳಾರ್ತಿ ಹಳ್ಳಿಯ ಆ ಲೈನಿಗೆ ತ್ರೀಫೇಸ್ ಕರೆಂಟು ಬರುತ್ತಿದ್ದದ್ದು ಊರು ಮಲಗಿದ ಮೇಲೆ.

"ಸಾರ್, ಹಗಲು ಕರೆಂಟೇ ಇಲ್ದಿದ್ರೆ ಈ ಪೆಟ್ಟಿಗೆ ಪೂಜೆ ಮಾಡಾನಾ?" ಎಂದು ಕೇಳಿದ್ದ ಬೀರಲಿಂಗ, ಪಾಲಿಹೌಸ್ ಕಟ್ಟಿಕೊಟ್ಟ ಕಂಪನಿಯ ವಿಶ್ವನಾಥನನ್ನು.

"ನೀನು ಎಷ್ಟನೇ ಕ್ಲಾಸ್ ಓದಿದೀಯಪ್ಪ?"

"ಏಳು."

"ಹಾಗಾದ್ರೆ ಪೆಟ್ಟಿಗೆ ಮುಟ್ಟಬೇಡ."

ಅವತ್ತು ನುಂಗಿದ ಸಿಟ್ಟು ಬೀರಲಿಂಗನ ಹೊಟ್ಟೆಯಲ್ಲಿ ಇನ್ನೂ ಕರಗಿರಲಿಲ್ಲ. ಅದೇ ಸಿಟ್ಟಿನಲ್ಲಿ ಈಗ ಎದ್ದು ಮನೆಗೆ ನಡೆದ. ಅವನ ಅವ್ವ ಮುದ್ದಕ್ಕ ಕಂಬಳಿ ನೇಯುವವಳು. ಉಣ್ಣೆಯ ನೂಲು ಗಟ್ಟಿಯಾಗಲೆಂದು ಹುಣಸೆಬೀಜ ಹುರಿದು, ನೆನೆಸಿ, ರುಬ್ಬಿ, ಗಂಜಿ ಕಾಯಿಸಿ ಬಳಿಯುವುದು ಅವರ ಮನೆಯ ಕಸುಬು. ಸೂರಿಗೆ ಸುಣ್ಣ ಬಳಿದರೆ ಒಳಗೆ ತಂಪಾಗುತ್ತದೆಂದು ಬೀರಲಿಂಗನಿಗೆ ಗೊತ್ತಿತ್ತು. ಆದರೆ ಹೋದ ವರ್ಷ ಬಳಿದ ಬರೀ ಸುಣ್ಣ ಒಂದೇ ಹನಿ ಮಳೆಗೆ ತೊಳೆದುಹೋಗಿತ್ತು. ಈ ಸಲ ಅವ್ವನ ಗಂಜಿಯನ್ನೇ ಸುಣ್ಣಕ್ಕೆ ಕಲಸಿದ. ಏಣಿ ಹತ್ತಿ, ಬೆನ್ನು ಸುಟ್ಟುಕೊಂಡು, ಎರಡು ದಿನದಲ್ಲಿ ಇಡೀ ಸೂರಿಗೆ ಬಳಿದ. ಸುಣ್ಣ ಹಲ್ಲು ಕಚ್ಚಿದಂತೆ ಹಿಡಿಯಿತು. ಪಾದರಸ ಐದು ಗೆರೆ ಇಳಿಯಿತು. ಹೂ ಉದುರದೆ ನಿಂತವು.

ಮಾಲೀಕ ಮುರುಗೇಂದ್ರಪ್ಪ ಚಳ್ಳಕೆರೆಯ ಎಣ್ಣೆಮಿಲ್ಲಿನಿಂದ ಕಾರಿನಲ್ಲಿ ಬಂದವನು ತಲೆಯೆತ್ತಿ ಸೂರು ನೋಡಿ ಹೋದ. ಮರುವಾರ ವಿಶ್ವನಾಥನನ್ನು ಕರೆತಂದ. ವಿಶ್ವನಾಥ ಒಳಗೆ ಹೋಗಿ, ಹೊರಗೆ ಬಂದು, ಕನ್ನಡಕ ಒರೆಸಿಕೊಂಡ.

"ಇದನ್ನೇ ನಮ್ಮ ಕಂಪನಿಯ ವಿಧಾನ ಅಂತ ರೈತರನ್ನು ಕರೆಸಿ ಕ್ಷೇತ್ರೋತ್ಸವದಲ್ಲಿ ತೋರಿಸೋಣ. ಫೋಟೋ ಚೆನ್ನಾಗಿ ಬರಬೇಕು. ಸೂರಿಗೆ ಬಳಿದಿದ್ದನ್ನೇ ಪಕ್ಕದ ಹಾಳೆಗಳಿಗೂ ನೆಲದವರೆಗೆ ಬಳಿಸಿ."

"ಬ್ಯಾಡ್ರಿ ಸಾವ್ಕಾರ್ರೆ!" ಬೀರಲಿಂಗ ಅಡ್ಡ ಬಂದ. "ಅದ್ರಾಗೆ ಗಂಜಿ ಐತೆ. ನೂಲಿಗೆ ಗಂಜಿ ಬಳಿದು ಬೀದ್ಯಾಗೆ ಒಣಗಾಕಿದ್ರೆ ಕುರಿಮ್ಯಾಕೆ ಬಂದು ನೆಕ್ತವೆ ಅಂತ ಅವ್ವ ಕೋಲು ಹಿಡ್ಕಂಡೇ ಕೂರ್ತಾಳೆ. ಇಲ್ಲಿ ಪಕ್ಕದಾಗೇ ಕುರಿ ಮೇಯೋ ಕಾವಲು. ದಿನಾ ಮಧ್ಯಾಹ್ನ ಜುಂಜಪ್ಪನ ಹಿಂಡು ತೊಟ್ಟಿ ನೀರಿಗೆ ಬತ್ತದೆ."

ವಿಶ್ವನಾಥ ನಕ್ಕ. "ಕುರಿ ಪ್ಲಾಸ್ಟಿಕ್ ತಿನ್ನುತ್ತಾ?"

"ಪ್ಲಾಸ್ಟಿಕ್ ಅಲ್ರೀ, ಅದ್ರ ಮ್ಯಾಲಿನ ಗಂಜಿ! ಬಳಿಯಂಗಿದ್ರೆ ಸುತ್ತ ಮುಳ್ಳುಬೇಲಿನಾದ್ರೂ ಹಾಕ್ಸಿ."

"ಮುಳ್ಳು ಫೋಟೋದಾಗೆ ಬಂದ್ರೆ ಚೆನ್ನಾಗಿರ್ತದೇನಲೇ?" ಎಂದ ಮುರುಗೇಂದ್ರಪ್ಪ. "ಕೆಲ್ಸ ಮಾಡೋನು ಕೆಲ್ಸ ಮಾಡ್ಬೇಕು, ಬಾಯಿ ಮಾಡ್ಬಾರ್ದು. ನಿಮ್ಮವ್ವನ ಹತ್ರ ಹೊಸ ಕಂಬ್ಳಿ ಇದ್ರೆ ತರಿಸು. ಬಂದೋರ್ನ ಕೂರ್ಸಾಕೆ ಬೇಕು."

ಬೀರಲಿಂಗ ಬ್ರಷ್ಷು ಮುಟ್ಟಲಿಲ್ಲ. ಬೇರೆ ಆಳುಗಳು ಬಳಿದರು.

ಕ್ಷೇತ್ರೋತ್ಸವದ ದಿನ ಪರಶುರಾಂಪುರದ ಕಡೆಯಿಂದ ಎರಡು ಟ್ರ್ಯಾಕ್ಟರ್ ತುಂಬ ರೈತರು ಬಂದರು. ಶಾಮಿಯಾನದಡಿ ಮುದ್ದಕ್ಕನ ಎಂಟು ಕಂಬಳಿ ಹಾಸಿ ದೊಡ್ಡವರನ್ನು ಕೂರಿಸಿದ್ದರು. ವಿಶ್ವನಾಥ ಮೈಕು ಹಿಡಿದು ನಿಂತ. ಭೂಮಿ ಬಿಸಿಯಾಗುತ್ತಿದೆ, ಬೇಸಿಗೆ ಮುಂದಕ್ಕೆ ಬರುತ್ತಿದೆ, ಕರೆಂಟಿಲ್ಲದೆ ತಂಪು ಮಾಡುವ ವಿಧಾನವನ್ನು ನಾವು ಕಂಡುಹಿಡಿದಿದ್ದೇವೆ ಎಂದ. 'ನಾವು' ಎನ್ನುವಾಗ ಎದೆ ಮುಟ್ಟಿಕೊಂಡ. ಹಿಂದೆ ನೀರಿನ ಬಿಂದಿಗೆ ಹೊತ್ತು ನಿಂತಿದ್ದ ಬೀರಲಿಂಗನಿಗೆ ಆ ಬಿಂದಿಗೆಯನ್ನು ಅವನ ತಲೆಯ ಮೇಲೇ ಬೋರಲು ಹಾಕೋಣವೆನ್ನಿಸಿತು.

ಆಗ ಪಡುವಣ ಬದಿಯಿಂದ ಜುಂಜಪ್ಪನ ಕೂಗು ಕೇಳಿತು. "ಹೈ! ಹೈ! ಬಿಡ್ರೇ ಹಾಳಾದವೇ!"

ಮಾತು ಕೇಳುತ್ತ ಎಲ್ಲರೂ ಮೈಮರೆತಿದ್ದರು, ಜುಂಜಪ್ಪನೂ ಸೇರಿ. ಹಿಂಡಿನ ಮೇಕೆಗಳು ಹಾಳೆಗೆ ನಾಲಿಗೆ ಹಚ್ಚಿದ್ದವು. ನೆಕ್ಕಿ, ಜಗಿದು, ಕೊಂಬಿನಿಂದ ತಿವಿದು ಮೂರು ಮಾರುದ್ದ ಹರಿದಿದ್ದವು. ಅಷ್ಟೇ ಆಗಿದ್ದರೆ ತೇಪೆ ಹಾಕಬಹುದಿತ್ತು. ಬೀರಲಿಂಗ ಪಡುವಣಕ್ಕೆ ನೋಡಿದ. ಕಾವಲಿನ ಮೇಲೆ ಕೆಂಧೂಳು ಗೋಡೆಯ ಹಾಗೆ ಎದ್ದು ಬರುತ್ತಿತ್ತು. ಆ ಗಾಳಿ ಹರಕಿನೊಳಕ್ಕೆ ನುಗ್ಗಿದರೆ ಸೂರನ್ನು ಒಳಗಿನಿಂದಲೇ ಎತ್ತಿ ಎಸೆಯುತ್ತದೆ. ಸೂರಿನ ತಂತಿಗೆ ಕಟ್ಟಿದ ದಾರಗಳ ಜೊತೆ ನಾಲ್ಕು ಸಾವಿರ ಗಿಡವೂ ಬೇರು ಕಿತ್ತು ಹೋಗುತ್ತವೆ.

ಬಿಂದಿಗೆ ಬಿಸಾಡಿ ಶಾಮಿಯಾನದೊಳಕ್ಕೆ ನುಗ್ಗಿದ. "ಏಳ್ರೀ! ಏಳ್ರೀ ಮ್ಯಾಲಕ್ಕೆ!"

"ಯಾಕ್ಲೇ, ತಲೆ ಕೆಟ್ಟೈತಾ?" ಮುರುಗೇಂದ್ರಪ್ಪ ಕೂತಲ್ಲಿಂದಲೇ ಗದರಿದ.

"ನೀವೂ ಏಳ್ರೀ ಸಾವ್ಕಾರ್ರೆ! ನಿಮ್ಮ ಫೋಟೋಕ್ಕೆ ನನ್ನ ಗಿಡ ಬಲಿ ಕೊಡ್ತೀರಾ?"

ಹೇಳುತ್ತಲೇ ಅವನ ಕೆಳಗಿನ ಕಂಬಳಿ ಹಿಡಿದು ಎಳೆದ. ಮುರುಗೇಂದ್ರಪ್ಪ ಪಕ್ಕಕ್ಕೆ ಉರುಳಿದ. ಶಾಮಿಯಾನದ ಅಂಚಿನಲ್ಲಿದ್ದ ಮುದ್ದಕ್ಕ ಆಗಲೇ ಇನ್ನೆರಡನ್ನು ಹೆಗಲಿಗೆ ಹಾಕಿಕೊಂಡು, ಗೋಣಿ ಹೊಲಿಯುವ ದಬ್ಬಳ ಹಿಡಿದು ಓಡುತ್ತಿದ್ದಳು. ಜುಂಜಪ್ಪ ಮೇಕೆ ಚದುರಿಸಿ ಬಂದು, ಹರಕಿಗೆ ಅಡ್ಡಲಾಗಿ ಕಂಬಳಿ ಚಾಚಿ ಮೈಕೊಟ್ಟು ನಿಂತ. ತಾಯಿ ಮಗ ಕಂಬಕ್ಕೂ ತಂತಿಗೂ ಸೇರಿಸಿ ಹೊಲಿದರು. ಅರ್ಧ ಹೊಲಿಯುವಷ್ಟರಲ್ಲಿ ಗಾಳಿ ಬಂದು ಬಡಿಯಿತು. ಶಾಮಿಯಾನ ಕಿತ್ತು ಹೊಲದಾಚೆ ಹಾರಿತು. ಕಂಬಳಿ ಉಬ್ಬಿತು, ಜಗ್ಗಿತು, ಹರಿಯಲಿಲ್ಲ. ಸೂರು ಎರಡು ಸಲ ನರಳಿ ನಿಂತಿತು. ಹಿಂದೆಯೇ ನಾಲ್ಕು ದಪ್ಪ ಹನಿ ಬಿದ್ದು ಗಾಳಿ ತಣ್ಣಗಾಯಿತು. ಸೂರಿನ ಸುಣ್ಣ ಹಾಗೇ ಇತ್ತು.

ಮಣ್ಣು ಮೆತ್ತಿದ ಅಂಗಿಯಲ್ಲಿ ವಿಶ್ವನಾಥ ಹತ್ತಿರ ಬಂದ. "ಕುರಿ ವಿಷಯ ಸ್ವಲ್ಪ ಒತ್ತಿ ಹೇಳಬೇಕಿತ್ತಪ್ಪ ನೀನು."

ಬೀರಲಿಂಗ ಅವನ ಕಡೆಗೆ ಎರಡು ಹೆಜ್ಜೆ ಹಾಕಿದ. ಕೈಯಲ್ಲಿ ದಬ್ಬಳ ಇನ್ನೂ ಇತ್ತು. "ಇನ್ನೆಂಗೆ ಒತ್ತಬೇಕಿತ್ರೀ? ಇದ್ರಾಗಾ?"

"ಹೇಳಿದ್ದ," ಎಂದ ಮುರುಗೇಂದ್ರಪ್ಪ, ನೆಲ ನೋಡುತ್ತ. "ನಾನೇ ಬಾಯಿ ಮುಚ್ಚಿಸಿದೆ."

"ಹಂಗಾದ್ರೆ ಆ ಮೈಕ್ನಾಗೆ ಹೇಳ್ರಿ. ಗಂಜಿ ಯಾರದು, ಎಲ್ಲಿ ಬಳೀಬೇಕು, ಎಲ್ಲಿ ಬಳೀಬಾರ್ದು ಅಂತ. ಇಲ್ದಿದ್ರೆ ಈ ರೈತ್ರೂ ಹೋಗಿ ನಿಮ್ಮಂಗೆ ನೆಲದ ಮಟ್ಟ ಬಳ್ಕಂಡಾರು."

ಕರೆಂಟಿರಲಿಲ್ಲ, ಮೈಕಿನ ಬ್ಯಾಟರಿಯೂ ನೆಲಕ್ಕೆ ಬಿದ್ದು ಒಡೆದಿತ್ತು. ಮುರುಗೇಂದ್ರಪ್ಪ ಬರಿಬಾಯಲ್ಲೇ, ಟ್ರ್ಯಾಕ್ಟರ್ ಹತ್ತುತ್ತಿದ್ದ ರೈತರಿಗೆ ಕೇಳುವಂತೆ ಕೂಗಿ ಹೇಳಬೇಕಾಯಿತು. ಮುದ್ದಕ್ಕನ ಹೆಸರನ್ನೂ ಹೇಳಿದ. ಬೀರಲಿಂಗನ ಸಿಟ್ಟು ಅದಕ್ಕೂ ಇಳಿಯಲಿಲ್ಲ.

"ಸಾಕು ಬಿಡಲೇ," ಎಂದಳು ಮುದ್ದಕ್ಕ, ಅವನ ಕೈಯಿಂದ ದಬ್ಬಳ ಕಿತ್ತುಕೊಂಡು. "ಒಳಗೋಗಿ ಗಿಡ ನೋಡು ಮದ್ಲು."

ಅವನು ಒಳಗೆ ಹೋದ. ಒಂದು ಸಾಲಿನ ದಾರಗಳೆಲ್ಲ ಕಳಚಿ ಗಿಡಗಳು ಒಂದರ ಮೇಲೊಂದು ಒರಗಿದ್ದವು. ಹೊರಗಿದ್ದವರನ್ನು ಹೆಸರು ಹಿಡಿದು ಬೈಯುತ್ತಲೇ, ಮೊದಲನೇ ಗಿಡವನ್ನು ಎತ್ತಿ ಕಟ್ಟತೊಡಗಿದ.