ಕಂದಿದ ಡಯಲ್

ಎವರಿಸ್ತೋ ಕಣ್ಣಿಗೆ ಸಿಕ್ಕಿಸಿಕೊಂಡಿದ್ದ ಭೂತಗನ್ನಡಿಯನ್ನು ತೆಗೆಯಲೇ ಇಲ್ಲ. ತೆಗೆದರೆ ಕಣ್ಣಿನ ಆಸೆ ಮುದುಕಿಗೆ ಕಂಡುಬಿಡುತ್ತದೆಂಬ ಭಯ. ಮೊಂತೆವಿದೆಯೋದ ಭಾನುವಾರದ ಸಂತೆಯಲ್ಲಿ ಹಳೆ ವಾಚು ಕೊಂಡು ಮಾರುತ್ತಲೇ ತಲೆ ನರೆತವನು ಅವನು. ಇಂಥದ್ದೊಂದು ಕೈಗೆ ಸಿಗಲಿ ಎಂದು ಇಷ್ಟು ವರ್ಷ ಕಾದಿದ್ದೇ ಬಂತು. ಅಂಥ ವಾಚೊಂದು ಈಗ ಮುದುಕಿ ಸುಲ್ಮಾಳ ಅಡುಗೆಮನೆಯಲ್ಲಿ, ಈರುಳ್ಳಿ ವಾಸನೆಯ ಮೇಜಿನ ಮೇಲೆ, ಏನೂ ಗೊತ್ತಿಲ್ಲದಂತೆ ಓಡುತ್ತಿತ್ತು.

ಹಿಂಬದಿಯ ಮುಚ್ಚಳ ಬಿಚ್ಚಿ ನೋಡಿದ್ದಾಗಿತ್ತು. ಯಂತ್ರ ಅದರದ್ದೇ, ಬೇರೆಯದರಿಂದ ಕಿತ್ತು ಕೂರಿಸಿದ್ದಲ್ಲ. ಮುಚ್ಚಳದ ಒಳಮೈಯಲ್ಲಿ ಹಿಂದೆ ರಿಪೇರಿ ಮಾಡಿದವರು ಸೂಜಿಯಿಂದ ಗೀಚಿದ ಪುಟ್ಟ ಗುರುತುಗಳು ಹಾಗೇ ಇದ್ದವು. ಕವಚದ ಅಂಚನ್ನು ಯಾರೂ ಉಜ್ಜಿ ಸವೆಸಿರಲಿಲ್ಲ. ಎಲ್ಲಕ್ಕಿಂತ ಮಿಗಿಲಾಗಿ ಆ ಡಯಲ್! ಕಪ್ಪಾಗಿ ತಯಾರಾದದ್ದು ವರ್ಷಗಟ್ಟಲೆ ಬಿಸಿಲಲ್ಲಿ ಬೆಂದು, ಎಲ್ಲೂ ಹೆಚ್ಚುಕಮ್ಮಿಯಿಲ್ಲದೆ ಕಾಫಿಪುಡಿಯ ಬಣ್ಣಕ್ಕೆ ತಿರುಗಿತ್ತು. ಹಳೆ ವಾಚು ಕೂಡಿಡುವ ಹುಚ್ಚಿನ ಶ್ರೀಮಂತರು ಪ್ರಾಣ ಬಿಡುವುದು ಈ ಬಣ್ಣಕ್ಕೇ. ಅಪರೂಪಕ್ಕೆ ಎಲ್ಲೋ ಒಂದು ಹೀಗೆ ಕಂದುತ್ತದೆ.

"ಏನಂತೀಯ ಮಗಾ?" ಸುಲ್ಮಾ ಕೇಳಿದಳು.

ಎವರಿಸ್ತೋ ಮುಖ ಹುಳ್ಳಗೆ ಮಾಡಿಕೊಂಡ. "ಏನ್ ಹೇಳ್ಲಿ ಸುಲ್ಮಮ್ಮಾ. ಯಂತ್ರ ಪರವಾಗಿಲ್ಲ. ಆದ್ರೆ ಡಯಲ್ ನೋಡಿ, ಸೀದುಹೋದ ರೊಟ್ಟಿ ಥರ ಆಗಿದೆ. ಮೈಯೆಲ್ಲಾ ಗೀರು. ಇಂಥದ್ದನ್ನ ಯಾರು ಕೈಗೆ ಕಟ್ಕೋತಾರೆ?"

"ನಮ್ಮನೆಯವ್ರು ಸೈಕಲ್ ರೇಸಲ್ಲಿ ಟೈಮ್ ನೋಡೋರು. ಇಡೀ ದಿನ ಬಿಸ್ಲಲ್ಲೇ ನಿಂತಿರೋರು, ಅದಕ್ಕೇ ಹೀಗಾಗಿದೆ." ತಪ್ಪು ತನ್ನದೇ ಎಂಬಂತೆ ಅವಳು ತಲೆ ತಗ್ಗಿಸಿದಳು. "ಅವ್ರು ತೀರ್ಕೊಂಡ್ಮೇಲೆ ಸ್ಮಶಾನದ ಗೋಡೇಲಿ ಅವರನ್ನ ಇಟ್ಟಿರೋ ಗೂಡಿನ ಬಾಡಿಗೆ ಅವಧಿ ಈ ತಿಂಗಳಿಗೆ ಮುಗೀತು. ಗೂಡು ಕೊಂಡ್ಕೊಳ್ದೆ ಹೋದ್ರೆ ಮೂಳೆ ತೆಗೆದು ಬೇರೆಯವ್ರ ಮೂಳೆ ಜೊತೆ ಗುಂಡಿಗೆ ಸುರೀತಾರಂತೆ. ಅದನ್ನ ಕೊಳ್ಳೋವಷ್ಟು ಕೊಟ್ಬಿಡು, ಸಾಕು."

ಅಷ್ಟು ದುಡ್ಡು ಅವನ ಜೇಬಿನಲ್ಲೇ ಇತ್ತು. ಅದರ ಎಷ್ಟೋ ಪಟ್ಟು ಕೊಟ್ಟು ಕೊಳ್ಳುವ ಗಿರಾಕಿ ಸಾವೊ ಪಾಲೊದಲ್ಲಿ ಕಾದು ಕೂತಿದ್ದ. ಆದರೆ ಕೇಳಿದಷ್ಟು ಕೊಟ್ಟರೆ ವ್ಯಾಪಾರ ಹೇಗಾದೀತು? ಎವರಿಸ್ತೋ ಅರ್ಧಕ್ಕೆ ಕೇಳಿದ. ಸುಲ್ಮಾ ಒಪ್ಪದಿದ್ದಾಗ, ಬೇಕಾಗಿಯೇ ಇಲ್ಲವೆಂಬಂತೆ ಎದ್ದ. ಒಂದು ವಾರ ಕಾಯಿಸಿದರೆ ಎಂಥವರೂ ದಾರಿಗೆ ಬರುತ್ತಾರೆಂಬುದು ಅವನ ಹಳೆಯ ಲೆಕ್ಕ.

"ಯೋಚ್ನೆ ಮಾಡಿ. ಮುಂದಿನ ಭಾನುವಾರ ಬರ್ತೀನಿ."

ಮುಂದಿನ ಭಾನುವಾರ ಸುಲ್ಮಾ ತುಟಿಗೆ ಬಣ್ಣ ಹಚ್ಚಿಕೊಂಡು ಬಾಗಿಲಲ್ಲೇ ನಿಂತಿದ್ದಳು. ಅವನನ್ನು ಕೂರಿಸಿ, ಸೋರೆ ಬುರುಡೆಯಲ್ಲಿದ್ದ ಚಹಾದಂಥ ಯೆರ್ಬಾ ಸೊಪ್ಪಿಗೆ ಬಿಸಿನೀರು ಹೊಯ್ದು, ತಾನೊಮ್ಮೆ ಕೊಳವೆಯಲ್ಲಿ ಹೀರಿ, ಮತ್ತೆ ನೀರು ತುಂಬಿ, ಅಲ್ಲಿಯ ಪದ್ಧತಿಯಂತೆ ಸರದಿಯ ಮೇಲೆ ಅವನಿಗೆ ಕೊಟ್ಟಳು. ಆಮೇಲೆ ಇಸ್ತ್ರಿ ಮಾಡಿದ ಕರವಸ್ತ್ರ ಬಿಚ್ಚಿದಳು.

"ನೋಡು ಈಗ!"

ವಾಚು ಮದುಮಗನಂತೆ ಮಿಂಚುತ್ತಿತ್ತು. ಡಯಲ್ ಕಪ್ಪೆಂದರೆ ಕಪ್ಪು. ಅಂಕಿಗಳು ಬೆಳ್ಳಗೆ, ದಪ್ಪಗೆ ಹೊಸದಾಗಿ ಕೂತಿದ್ದವು.

"ಹಳೇ ಬಣ್ಣ ಪೂರ್ತಿ ಕೆರೆಸಿ ಹೊಸದು ಹಾಕಿಸ್ದೆ. ಪಾಲಿಶ್ ಬೇರೆ ಮಾಡಿಸ್ದೆ, ಒಂದು ಗೀರಿಲ್ಲ. ದುಡ್ಡಿಗೆ ಅವರ ಸೈಕಲ್ ಮಾರ್ಬಿಟ್ಟೆ. ನೀನು ಹೇಳಿದ್ದೂ ಸರೀನೇ, ಸೀದುಹೋದ ರೊಟ್ಟೀನ ಯಾರು ಕಟ್ಕೋತಾರೆ?" ಸುಲ್ಮಾ ನಕ್ಕಳು. "ಈಗ ಚೌಕಾಸಿ ಮಾಡ್ಬೇಡ. ಕೇಳಿದಷ್ಟು ಕೊಡು."

ಎವರಿಸ್ತೋ ವಾಚನ್ನು ಕಸಿದುಕೊಂಡು ಕಣ್ಣಿನ ಹತ್ತಿರ ಹಿಡಿದ. "ಯಾರ್ ಹೇಳಿದ್ರು ನಿಮಗೆ ಇದನ್ನ ಮಾಡ್ಸಿ ಅಂತ?" ಎಂದು ಕಿರುಚಿದ. "ಹಾಳ್ ಮಾಡಿಟ್ರಲ್ಲ! ಇನ್ನು ಇದನ್ನ ಯಾರೂ ಮೂಸಿ ಕೂಡ ನೋಡಲ್ಲ!"

ಸುಲ್ಮಾಳ ನಗು ನಿಧಾನಕ್ಕೆ ಇಳಿಯಿತು. ಅವಳೇನು ದಡ್ಡಿಯಲ್ಲ.

"ಹೋದ ವಾರ ಬಣ್ಣ ಕೆಟ್ಟಿದೆ, ಬೇಡ ಅಂದೆ. ಈಗ ಬಣ್ಣ ಸರಿಹೋಗಿದೆ, ಆದ್ರೂ ಬೇಡ ಅಂತೀಯ. ಎರಡ್ರಲ್ಲಿ ಯಾವ್ದಪ್ಪಾ ಸುಳ್ಳು?"

ಅವನು ವಾಚನ್ನು ಮತ್ತೆ ಕರವಸ್ತ್ರದ ಮೇಲಿಟ್ಟ.

"ಹೇಳು. ಹೋದ ಭಾನುವಾರ ಇದಕ್ಕೆ ಎಷ್ಟು ಬರ್ತಿತ್ತು?"

ಸುಳ್ಳು ಹೇಳುವುದು ಅವನಿಗೆ ನೀರು ಕುಡಿದಷ್ಟು ಸಲೀಸು. ಹೇಳಿದ್ದರೆ ಮುದುಕಿಗೆ ಅಷ್ಟಾದರೂ ನೆಮ್ಮದಿಯಿರುತ್ತಿತ್ತು. ಆದರೆ ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲವೆಂಬ ಸಂಕಟದಲ್ಲಿ, ಜನ್ಮದಲ್ಲಿ ಹೇಳದ ನಿಜವನ್ನು ಅವತ್ತು ಹೇಳಿಬಿಟ್ಟ. "ಒಂದು ಗೂಡಲ್ಲ, ಆ ಗೋಡೆಗೆ ಗೋಡೇನೇ ಕೊಂಡ್ಕೋಬಹುದಿತ್ತು."

"ನಿಂಗೆ ಅವತ್ತೇ ಗೊತ್ತಿತ್ತು," ಎಂದಳು ಸುಲ್ಮಾ.

ಹೊರಗೆ ಯಾರದೋ ರೇಡಿಯೋದಲ್ಲಿ ಫುಟ್‌ಬಾಲ್ ಗಲಾಟೆ. ಎವರಿಸ್ತೋನಿಗೆ ನಾಚಿಕೆಯಾಯಿತು, ನಿಜವಾಗಿಯೂ ಆಯಿತು. ಕೈ ಜೇಬಿಗೆ ಹೋಯಿತು. ಗೂಡಿಗೆ ಬೇಕಾದ ಅಷ್ಟೂ ದುಡ್ಡು ಅಲ್ಲಿತ್ತು. ಅವನು ಅರ್ಧ ತೆಗೆದು ಮೇಜಿನ ಮೇಲಿಟ್ಟ.

ಸುಲ್ಮಾ ಅದರತ್ತ ನೋಡಲಿಲ್ಲ. ಅವನ ಮುಂದಿದ್ದ ಬುರುಡೆಯನ್ನು ಎಳೆದುಕೊಂಡು, ನೀರು ಹೊಯ್ದು, ಕೊಳವೆ ಗೊರಗೊರ ಎನ್ನುವ ತನಕ ಹೀರಿದಳು. ಮತ್ತೆ ತುಂಬಿದಳು. ಈ ಸಲದ ಸರದಿ ಅವನದ್ದು. ಅವನು ಕೈ ಚಾಚಿದ. ಅವಳು ಕೊಳವೆಯನ್ನು ತನ್ನ ಕಡೆಗೇ ತಿರುಗಿಸಿಕೊಂಡು ನಿಧಾನವಾಗಿ ಕುಡಿಯತೊಡಗಿದಳು.