ಮೂರು ತಾಲ್ಲೂಕಿನ ದನಿ

ಹವಾಲ್ದಾರ್ ಮಾರಪ್ಪನವರಿಗೆ ದನಿ ಇದ್ದ ಕಾಲದಲ್ಲಿ ಸಾಗರ, ಹೊಸನಗರ, ತೀರ್ಥಹಳ್ಳಿ ಮೂರೂ ತಾಲ್ಲೂಕಿಗೆ ಬೇರೆ ಸೈರನ್ನು ಬೇಕಿರಲಿಲ್ಲ. ಅವರು ಆನಂದಪುರದ ಮೈದಾನದಲ್ಲಿ ನಿಂತು 'ಸಾವಧಾನ್' ಎಂದರೆ ಶಿವಮೊಗ್ಗದ ಬಸ್ಸು ಸ್ಟಾಪಿಲ್ಲದ ಕಡೆ ನಿಂತುಬಿಡುತ್ತಿತ್ತು, ಡ್ರೈವರು ಕೆಳಗಿಳಿದು ಎದೆ ಸೆಟೆಸುತ್ತಿದ್ದ. ಕೆಳದಿಯ ಮ್ಯೂಸಿಯಮ್ಮಿನಲ್ಲಿ ಅರಸರ ಕಾಲದಿಂದ ಗೋಡೆಗೊರಗಿ ಮಲಗಿದ್ದ ಕತ್ತಿಗಳು ನೆಟ್ಟಗಾಗುತ್ತಿದ್ದವು. ಹಿನ್ನೀರಿನಾಚೆ ಬ್ಯಾಕೋಡಿನಲ್ಲಿ ಹೇಂಟೆಯೊಂದು ಬೆಚ್ಚಿಬಿದ್ದು ಒಂದೇ ಸಲಕ್ಕೆ ಎರಡು ಮೊಟ್ಟೆ ಇಟ್ಟಿತಂತೆ. ನಂಬಿಕೆ ಇಲ್ಲದವರು ಹೋಗಿ ವಿಚಾರಿಸಬಹುದು, ಈಗ ಸೇತುವೆಯೂ ಆಗಿದೆ. ಹೇಂಟೆ ಸತ್ತಿದೆ, ಆದರೆ ಅದರ ವಂಶದವರು ಇದ್ದಾರೆ.

ಮಾರಪ್ಪನವರು ಬೆಳಗಾವಿಯಲ್ಲಿ ಹೊಸ ಸಿಪಾಯಿಗಳಿಗೆ ಡ್ರಿಲ್ ಕಲಿಸುತ್ತಿದ್ದವರು. ಪಟಾಲಮ್ಮಿನಲ್ಲಿ ಕಲಿಸುವವರನ್ನು ಉಸ್ತಾದ್ ಅನ್ನುತ್ತಾರೆ. ಆ ಹೆಸರು ಪಿಂಚಣಿಯ ಜೊತೆಗೆ ಊರಿಗೂ ಬಂತು.

ಮೂರು ತಾಲ್ಲೂಕುಗಳ ಮಾಜಿ ಸೈನಿಕರ ಸಂಘಕ್ಕೆ ಆನಂದಪುರದ ರಸ್ತೆ ಬದಿಯಲ್ಲಿ ಶೀಟು ಹೊದಿಸಿದ ಒಂದು ಕಚೇರಿ ಇದೆ. ನವೆಂಬರಿನಲ್ಲಿ ಮುದುಕರ ಹೆಬ್ಬೆಟ್ಟನ್ನು ಮೆಷಿನ್ನಿಗೆ ಒತ್ತಿಸಿ, ಇವರಿನ್ನೂ ಬದುಕಿದ್ದಾರೆ ಎಂದು ಸರ್ಕಾರಕ್ಕೆ ತಿಳಿಸುವುದು, ಸೈನ್ಯದ ಭರ್ತಿಗೆ ಹೊರಟ ಹುಡುಗ ಹುಡುಗಿಯರನ್ನು ಬೆಳಗಾಗೆದ್ದು ಓಡಿಸುವುದು, ಸದಸ್ಯರೊಬ್ಬರು ತೀರಿಕೊಂಡರೆ ಅವರ ಮನೆಗೆ ಧ್ವಜ ಹಿಡಿದು ಹೋಗಿ ಸೆಲ್ಯೂಟ್ ಕೊಟ್ಟು ಬರುವುದು, ಇವು ಸಂಘದ ಕೆಲಸಗಳು. ಉಳಿದ ಹೊತ್ತಿನಲ್ಲಿ ಚಹಾ ಕುಡಿಯುತ್ತ ಹಳೆಯ ಯುದ್ಧಗಳನ್ನು ಮತ್ತೆ ಗೆಲ್ಲುತ್ತಾರೆ. ಆ ಶೀಟಿನ ಕೆಳಗೆ ಗೆದ್ದಷ್ಟು ಯುದ್ಧವನ್ನು ಜಗತ್ತಿನ ಯಾವ ಸೈನ್ಯವೂ ಗೆದ್ದಿಲ್ಲ.

ಕಚೇರಿಯ ಎದುರಿಗೆ ಒಂದು ಕಪ್ಪು ಕಲ್ಲು ನಿಲ್ಲಿಸಿದ್ದಾರೆ. ಮೂರು ತಾಲ್ಲೂಕಿನಿಂದ ಸೈನ್ಯಕ್ಕೆ ಹೋಗಿ ತಿರುಗಿ ಬಾರದವರ ಹೆಸರುಗಳು ಅದರ ಮೇಲಿವೆ. ಜನವರಿಯಲ್ಲಿ ಮಾಜಿ ಸೈನಿಕರ ದಿನ ಎಲ್ಲರೂ ಬ್ಲೇಜರು ತೊಟ್ಟು, ಪದಕ ತೂಗಿಸಿಕೊಂಡು, ಮೈದಾನದಿಂದ ಆ ಕಲ್ಲಿನವರೆಗೆ ಕವಾಯತು ಮಾಡುತ್ತಾರೆ. ಸಂಘ ಹುಟ್ಟಿದಂದಿನಿಂದ ಕವಾಯತಿಗೆ ಆಜ್ಞೆ ಕೊಡುವವರು ಮಾರಪ್ಪನವರೇ. ಕಲ್ಲಿನ ಮುಂದೆ ಕೊಡುವ ಕೊನೆಯ ಸೆಲ್ಯೂಟಿನ ಆಜ್ಞೆಯನ್ನು ಅವರು ಉಳಿದವಕ್ಕಿಂತ ಜೋರಾಗಿ ಕೂಗುತ್ತಿದ್ದರು. ಅದೇಕೆಂದು ಹೆಂಡತಿ ಕನ್ನಮ್ಮನಿಗೆ ಮಾತ್ರ ಹೇಳಿದ್ದರು: ಕಲ್ಲಿನ ಮೇಲಿದ್ದವರಿಗೂ ಕೇಳಬೇಕು.

ಈ ಸಲ ದೀಪಾವಳಿ ಕಳೆದ ಮೇಲೆ ಅವರ ಗಂಟಲಲ್ಲಿ ಗಂಟು ಕಂಡಿತು. ಶಿವಮೊಗ್ಗದಲ್ಲಿ ಆಪರೇಷನ್ ಆಯಿತು. ಜೀವಕ್ಕೇನೂ ಭಯವಿಲ್ಲ, ಆದರೆ ದನಿ ಇನ್ನು ಇಷ್ಟೇ ಎಂದರು ಡಾಕ್ಟರು. ಇಷ್ಟೇ ಎಂದರೆ, ಬಾವಿಯಲ್ಲಿ ನೀರಿಲ್ಲದಾಗ ಪಂಪು ಗಾಳಿ ಎಳೆಯುತ್ತದಲ್ಲ, ಅಷ್ಟು. ಮೂರು ತಾಲ್ಲೂಕು ಆಳಿದ ದನಿಗೆ ಈಗ ಅಡುಗೆಮನೆಯಿಂದ ಜಗಲಿಗೆ ಮುಟ್ಟುವಷ್ಟೂ ತ್ರಾಣವಿರಲಿಲ್ಲ.

"ಇಷ್ಟು ವರ್ಷಕ್ಕೆ ಮನೇಲಿ ಗಡಿಯಾರದ ಸದ್ದು ಕೇಳ್ತಿದೆ ನೋಡಿ," ಎಂದು ಕನ್ನಮ್ಮ ಮೊದಲ ವಾರ ನಗೆಯಾಡಿದರು. ಜನವರಿ ಬಂದರೂ ಗಂಡ ಬೂಟಿಗೆ ಪಾಲಿಶ್ ಹಚ್ಚದಿದ್ದುದನ್ನು ಕಂಡ ಮೇಲೆ ನಗುವುದನ್ನು ಬಿಟ್ಟರು.

ಸಂಘದ ಸಭೆಯಲ್ಲಿ ಕಾರ್ಯದರ್ಶಿ ಕೆರಿಯಪ್ಪ ವಿಷಯ ಎತ್ತಿದರು. ಅವರು ಸಿಗ್ನಲ್ಸ್‌ನಲ್ಲಿ ಇದ್ದವರು. ತಂತಿ, ಮೈಕು, ಬ್ಯಾಟರಿ ಎಂದರೆ ಊಟ ಬಿಡುವವರು.

"ಉಸ್ತಾದ್ರೆ, ಬೇಜಾರು ಮಾಡ್ಕಬೇಡಿ. ಈ ಸಲ ಮೈಕು ಹಾಕುವ. ಆಜ್ಞೆ ನಾನು ಕೊಡ್ತೀನಿ. ನಿಮಗೆ ಶಾಮಿಯಾನದಲ್ಲಿ ಒಳ್ಳೆ ಕುರ್ಚಿ, ಒಂದು ಶಾಲು."

ಮಾರಪ್ಪನವರಿಗೆ ಶತ್ರುವಿನ ಗುಂಡಿಗೂ ಆಗದ ಭಯ ಆ ಶಾಲಿಗೆ ಆಯಿತು. ಸಂಘದಲ್ಲಿ ಶಾಲು ಹೊದಿಸಿಕೊಂಡು ಕುರ್ಚಿಯಲ್ಲಿ ಕುಳಿತವರನ್ನು ಮರುವರ್ಷ ಸಾಲಿನಲ್ಲಿ ಕಂಡವರಿಲ್ಲ. ಕೆಲವರ ಮನೆಗೆ ಧ್ವಜ ಹಿಡಿದುಕೊಂಡು ಇವರೇ ಹೋಗಿ ಬಂದಿದ್ದಾರೆ. ದನಿ ಹೋಯಿತು, ಹೋಗಲಿ. ಕಲ್ಲಿನವರೆಗೆ ನಡೆಯುವುದೂ ಹೋದರೆ ತಾನು ಯಾರು?

"ಸಾಲಲ್ಲಿ ನಿಲ್ತೀನಿ," ಎಂದು ಪಿಸುಗುಟ್ಟಿದರು. ಅದು ಯಾರಿಗೂ ಕೇಳಲಿಲ್ಲ. ಎದ್ದು ಹೋಗಿ ಗೋಡೆಗೆ ಬೆನ್ನು ಕೊಟ್ಟು ಸಿಪಾಯಿಯ ಹಾಗೆ ನಿಂತು ತೋರಿಸಬೇಕಾಯಿತು.

ಮಾಜಿ ಸೈನಿಕರ ದಿನದ ಹಿಂದಿನ ಭಾನುವಾರ ಮೈದಾನದಲ್ಲಿ ತಾಲೀಮು. ತಾಲ್ಲೂಕಿಗೊಂದರಂತೆ ಮೂರು ಸಾಲು. ಸಾಗರದವರ ಸಾಲು ಮುಂದೆ, ಅದರ ಬಲತುದಿಯಲ್ಲಿ ಮಾರಪ್ಪನವರು. ಎದುರಿಗೆ ಕೆರಿಯಪ್ಪ, ಕೈಯಲ್ಲಿ ಮೈಕು, ಹಿಂದೆ ಬೀರುವಿನಷ್ಟು ದೊಡ್ಡ ಎರಡು ಸ್ಪೀಕರು.

ಮೈಕಿಗೆ ಜೀವ ಬಂದದ್ದೇ ತಡ, ಸ್ಪೀಕರು ಕುಯ್ಯೆಂದಿತು, ಅದರ ಜೊತೆಗೆ ಸಾಲಿನಲ್ಲಿದ್ದ ಕಿವಿಯ ಮೆಷಿನ್ನುಗಳೆಲ್ಲ ಕುಯ್ಯೆಂದವು. ಮುದುಕರು ಒಬ್ಬೊಬ್ಬರಾಗಿ ಮೆಷಿನ್ನು ಕಿತ್ತು ಜೇಬಿಗಿಳಿಸಿದರು. ಕೆರಿಯಪ್ಪ ಗಂಟಲಿಗೆ ಏನೂ ಶ್ರಮ ಕೊಡದೆ, ಮನೆಯವರನ್ನು ಚಹಾ ಕೇಳುವ ಹಾಗೆ, ಮೈಕಿನೊಳಗೆ "ತೇಜ್ ಚಲ್" ಎಂದರು.

ಹೊರಡಿ ಎಂಬ ಆಜ್ಞೆ ಹೊಸನಗರದ ಗುಡ್ಡಕ್ಕೆ ಬಡಿದು ವಾಪಸು ಬಂತು. ಸಾಲು ಅಲುಗಲಿಲ್ಲ.

"ತೇಜ್ ಚಲ್," ಎಂದರು ಇನ್ನೊಮ್ಮೆ. ಊಹುಂ.

ನಿಂತ ಸಾಲನ್ನು ಕಂಡರೆ ಮಾರಪ್ಪನವರ ಮೈಯಲ್ಲಿ ಇರುವೆ ಹರಿದಂತೆ. ತಡೆಯಲಾಗಲಿಲ್ಲ. ಹಳೆಯ ಅಭ್ಯಾಸ, ತಮಗೇ ತಿಳಿಯದೆ ಎದೆ ತುಂಬ ಉಸಿರೆಳೆದುಕೊಂಡರು. ಎರಡೂ ಭುಜ ಕಿವಿಯವರೆಗೆ ಏರಿದವು. ಕೂಗಲು ದನಿ ಎಲ್ಲಿದೆ, ಬರೀ ಗಾಳಿ ಹೊರಬಂದು ಭುಜ ಇಳಿಯಿತು.

ಧಪ್. ಮೂರೂ ತಾಲ್ಲೂಕಿನ ಎಡಗಾಲು ಒಟ್ಟಿಗೆ ಬಿತ್ತು. ಭೂಮಿ ನಡುಗಿ ಶರಾವತಿಯ ಹಿನ್ನೀರು ಒಂದು ಗೇಣು ಏರಿತೆನ್ನುತ್ತಾರೆ, ನಾನು ಅರ್ಧ ಗೇಣಿಗೆ ಇಳಿಸಿ ಹೇಳುತ್ತಿದ್ದೇನೆ. ಸಾಲು ಹೊರಟೇಬಿಟ್ಟಿತು. ಆಜ್ಞೆ ಕೊಟ್ಟವರು ತಾವೆಂದು ಅರಿಯದ ಮಾರಪ್ಪನವರೊಬ್ಬರೇ ನಿಂತಲ್ಲೇ ಉಳಿದರು. ಕೆರಿಯಪ್ಪ ಹಿಂದಕ್ಕೆ ಸರಿಯುತ್ತ ಸರಿಯುತ್ತ "ಥಮ್, ಥಮ್" ಎಂದರು. ನಿಲ್ಲಿ ಎಂಬ ಆ ಆಜ್ಞೆ ಯಾರ ಕಿವಿಗೂ ಹೋಗಲಿಲ್ಲ. ತಂತಿ ಕಿತ್ತುಹೋಯಿತು, ಸ್ಪೀಕರೊಂದು ಮಗುಚಿತು, ಸಾಲು ಹೆದ್ದಾರಿಯ ಕಡೆಗೆ ಕೈಬೀಸುತ್ತ ನಡೆಯಿತು. ಆ ಹುರುಪಿಗೆ ಯಾರೂ ತಡೆಯದಿದ್ದರೆ ಸಂಜೆಗೆ ಕಾಶ್ಮೀರ ಮುಟ್ಟುತ್ತಿದ್ದರು.

ಮಾರಪ್ಪನವರು ಓಡಿದರು. ಸಾಲನ್ನು ದಾಟಿ ಮುಂದೆ ಹೋಗಿ ತಿರುಗಿ ನಿಂತರು. ಬಾಯಿ ತೆರೆದರು, ಏನೂ ಬರಲಿಲ್ಲ. ಭುಜ ಏರಿತು, ಇಳಿಯಿತು. ಸಾಲು ಗಕ್ಕನೆ ನಿಂತಿತು.

ಕೆರಿಯಪ್ಪ ಏದುಸಿರು ಬಿಡುತ್ತ ಬಂದರು. "ಯಾರು ಹೊರಡಕ್ಕೆ ಹೇಳಿದ್ದು ನಿಮಗೆ?"

ಎರಡನೆಯ ಸಾಲಿನ ಜಯಪ್ಪ ಮೆಷಿನ್ನು ಕಿವಿಗೆ ಸಿಕ್ಕಿಸಿಕೊಂಡು ಪ್ರಶ್ನೆಯನ್ನು ಎರಡು ಸಲ ಹೇಳಿಸಿಕೊಂಡರು. ಕಾರ್ಗಿಲ್ಲಿನಲ್ಲಿ ಫಿರಂಗಿಯ ಪಕ್ಕ ನಿಂತು ಕಿವಿ ಕೊಟ್ಟು ಬಂದವರು ಅವರು. "ಉಸ್ತಾದ್ರು ಕೊಟ್ರಲ್ಲ ಆಜ್ಞೆ."

"ಅವ್ರಿಗೆ ದನಿ ಎಲ್ಲಿದೆ ಮಾರಾಯ್ರೆ?"

"ದನಿ ಯಾರಿಗೆ ಬೇಕು? ಭುಜ ಎತ್ತಿದ್ರು. ಎತ್ತಿದ್ರೆ ತಯಾರಾಗದು, ಇಳಿಸಿದ್ರೆ ಮಾಡದು. ಕಲ್ಲಿನ ಮುಂದೆ ಮಾತ್ರ ಎತ್ತಿದ್ರೆ ಸೆಲ್ಯೂಟು, ಇಳಿಸಿದ್ರೆ ಕೈ ಕೆಳಗೆ. ಯಾವಾಗ್ಲೂ ಹಾಗೇ ಅಲ್ದಾ? ನೀವು ಮೈಕು ಹಿಡ್ಕಂಡು ಕಂಬದ ಹಾಗೆ ನಿಂತ್ರೆ ನಮಗೆಂತ ಗೊತ್ತಾಗ್ತದೆ?"

ಹಿಂದಿನ ಸಾಲಿನವರು ಹೌದೌದೆಂದು ತಲೆಯಾಡಿಸಿದರು. ಮಾರಪ್ಪನವರು ಹತ್ತಿರ ಬಂದು ಏನೋ ಪಿಸುಗುಟ್ಟಿದರು. ಜಯಪ್ಪನವರಿಗೆ ತಿಳಿಯಲಿಲ್ಲ. ಕೆರಿಯಪ್ಪನವರೇ ಅವರ ಕಿವಿಗೆ ಬಾಯಿಟ್ಟು ಹೇಳಬೇಕಾಯಿತು: "ಹಾಗಾದ್ರೆ ನನ್ನ ದನಿ? ಅಂತ ಕೇಳ್ತಿದಾರೆ."

"ದನಿ ಇತ್ತಾ?" ಜಯಪ್ಪ ಸ್ವಲ್ಪ ಯೋಚಿಸಿದರು. "ಇದ್ದಿರ್ಬೇಕು. ಬಾಯಿ ಅಷ್ಟಗಲ ತೆಗೀತಿದ್ರಿ."

ಕಿವಿ ನೆಟ್ಟಗಿದ್ದವನೆಂದರೆ ಎರಡು ಮೂರು ವರ್ಷದ ಹಿಂದಷ್ಟೇ ನಿವೃತ್ತನಾಗಿ ಬಂದ ನಾಗೇಂದ್ರ. ಮಾರಪ್ಪನವರು ಅವನ ಮುಖ ನೋಡಿದರು.

"ನಂಗೆ ಕೇಳ್ತಿತ್ತು ಉಸ್ತಾದ್ರೆ," ಎಂದ ನಾಗೇಂದ್ರ, ನೆಲ ನೋಡುತ್ತ. "ಆದ್ರೆ ಅಷ್ಟು ಜೋರಲ್ಲಿ ಎಂತ ಹೇಳ್ತಿದ್ರಿ ಅಂತ ಬಿಡಿಸ್ಕಳಕ್ಕೆ ಆಗ್ತಿರ್ಲಿಲ್ಲ. ನಾನೂ ಭುಜನೇ ನೋಡ್ತಿದ್ದೆ."

ಆಜ್ಞೆಯ ಕೆಲಸ ಆ ಕ್ಷಣವೇ ಮಾರಪ್ಪನವರಿಗೆ ಮರಳಿ ಬಂತು. ಕೆರಿಯಪ್ಪ ಮಗುಚಿದ ಸ್ಪೀಕರಿನ ಮಣ್ಣು ಒರೆಸುತ್ತ, "ಹೆಸರು ಓದಕ್ಕಾದ್ರೂ ಮೈಕು ಇರ್ಲಿ," ಎಂದಷ್ಟೇ ಕೇಳಿಕೊಂಡರು. ಎಲ್ಲರೂ ಬೆನ್ನು ತಟ್ಟಿದರು. ಮಾರಪ್ಪನವರು ಮಾತ್ರ ಚಹಾಕ್ಕೂ ನಿಲ್ಲದೆ ಮನೆಗೆ ಹೋದರು.

ಕನ್ನಮ್ಮ ಜಗಲಿಯಲ್ಲಿ ಕೂತು ಸೊಪ್ಪು ಬಿಡಿಸುತ್ತಿದ್ದರು. ಗಂಡ ಪಕ್ಕದಲ್ಲಿ ಕೂತು, ನಡೆದದ್ದನ್ನೆಲ್ಲ ತುಣುಕು ತುಣುಕಾಗಿ ಪಿಸುಗುಟ್ಟುವುದನ್ನು ಕೇಳಿದರು.

"ಆಜ್ಞೆ ಸಿಕ್ತಲ್ಲ, ಮತ್ತೆಂತಕ್ಕೆ ಈ ಮುಖ?"

"ಯಾರಿಗೂ ಕೇಳೇ ಇಲ್ಲ ಕಣೇ."

"ಯಾರಿಗೂ ಅಂದ್ರೆ? ನಂಗೆ ಕೇಳಿದೆ. ಮೂರು ತಾಲ್ಲೂಕಿನ ಪಾಲನ್ನೂ ನಾನೊಬ್ಳೇ ಕೇಳಿದೀನಿ."

ಮಾರಪ್ಪನವರಿಗೆ ನಗು ಬಂತು, ಆದರೆ ಉಳಿಯಲಿಲ್ಲ. ಸೊಪ್ಪಿನ ಒಂದು ಕಡ್ಡಿ ತೆಗೆದುಕೊಂಡು ಸುಮ್ಮನೆ ಮುರಿಯುತ್ತಿದ್ದರು. "ಕಲ್ಲಿನ ಮೇಲಿದ್ದವ್ರಿಗೆ ಮುಟ್ತಿದೆ ಅಂದ್ಕಂಡಿದ್ದೆ. ಎದುರು ನಿಂತವ್ರಿಗೇ ಮುಟ್ಟಿಲ್ಲ ಅಂದ್ರೆ, ಅವ್ರಿಗೆ ಎಲ್ಲಿಂದ?"

ಕನ್ನಮ್ಮ ಸೊಪ್ಪು ಬಿಡಿಸುವುದನ್ನು ನಿಲ್ಲಿಸಲಿಲ್ಲ. "ಅವ್ರೂ ಸಿಪಾಯಿಗಳೇ ಅಲ್ದಾ? ಭುಜ ನೋಡಿರ್ತಾರೆ."

ಆ ಸಂಜೆ ಮಾರಪ್ಪನವರು ಬೂಟಿಗೆ ಪಾಲಿಶ್ ಹಚ್ಚಿದರು. ಎಷ್ಟು ತಿಕ್ಕಿದರೆಂದರೆ ಮರುದಿನ ಕನ್ನಮ್ಮ ಕನ್ನಡಿ ಬಿಟ್ಟು ಬೂಟು ನೋಡಿಕೊಂಡು ಕುಂಕುಮ ಇಟ್ಟರು.

ಮಾಜಿ ಸೈನಿಕರ ದಿನ ಕವಾಯತು ಮೈದಾನದಿಂದ ಹೊರಟಿತು. ಒಂದು ಆಜ್ಞೆಯ ಸದ್ದಿಲ್ಲ, ಬೂಟಿನ ಸದ್ದು ಮಾತ್ರ. ರಸ್ತೆಯಲ್ಲಿ ಬಸ್ಸು ನಿಂತಿತು, ಈ ಸಲ ಡ್ರೈವರು ಹೆದರಿ ನಿಲ್ಲಿಸಿದ್ದಲ್ಲ. ಇಷ್ಟು ಜನ ಯಾರೂ ಹೇಳದೆ ಒಂದೇ ಹೆಜ್ಜೆ ಹಾಕುವುದು ಹೇಗೆ ಎಂದು ಪ್ರಯಾಣಿಕರೆಲ್ಲ ಕಿಟಕಿಗೆ ಬಂದರು.

ಕಲ್ಲಿನ ಮುಂದೆ ಸಾಲು ನಿಂತಿತು. ಕೆರಿಯಪ್ಪ ಹೆಸರುಗಳನ್ನು ಓದಿ ಮೈಕು ಆರಿಸಿದರು. ಮಾರಪ್ಪನವರು ಸಾಲಿಗೆ ಬೆನ್ನು ಕೊಟ್ಟು ಕಲ್ಲಿಗೆ ಮುಖ ಮಾಡಿದರು. ಕೂಗಬೇಕಾಗಿದ್ದ ಜಾಗ ಇದೇ. ಎದೆ ತುಂಬ ಉಸಿರೆಳೆದರು. ಭುಜ ಏರಿತು. ಅವರ ಕೈಯ ಜೊತೆಗೆ ಬೆನ್ನ ಹಿಂದೆ ಕೈಗಳೆಲ್ಲ ಸೆಲ್ಯೂಟಿಗೆ ಏರಿದ್ದು, ಪದಕಗಳ ಕಿಣಿಕಿಣಿಯಿಂದ ತಿಳಿಯಿತು.

ಇಷ್ಟು ವರ್ಷ ಆ ಉಸಿರೆಲ್ಲ ಕೂಗಿಗೆ ಖರ್ಚಾಗಿ ಭುಜ ತಟ್ಟನೆ ಇಳಿದುಬಿಡುತ್ತಿತ್ತು. ಈಗ ಖರ್ಚು ಮಾಡಲು ಏನಿದೆ? ಮಾರಪ್ಪನವರು ಉಸಿರನ್ನು ಹಿಡಿದರು. ಒಂದೊಂದೇ ಹೆಸರನ್ನು ಮೇಲಿನಿಂದ ಕೆಳಗೆ ಕಣ್ಣಿನಲ್ಲೇ ಓದುತ್ತ ಬಂದರು. ಕೆಲವರಿಗೆ ಅವರೇ ನಡಿಗೆ ಕಲಿಸಿದ್ದರು. ಮೂರು ತಾಲ್ಲೂಕಿನಲ್ಲಿ ಯಾರೂ ಕೆಮ್ಮಲಿಲ್ಲ. ಬ್ಯಾಕೋಡಿನ ಹೇಂಟೆಗಳು ಕೂಡ ಆ ಹೊತ್ತು ಇಡಬೇಕಿದ್ದ ಮೊಟ್ಟೆಯನ್ನು ತಡೆದುಕೊಂಡವು. ಕೊನೆಯ ಹೆಸರು ಮುಗಿಯುವ ತನಕ ಉಸಿರು ಸಾಕಾಯಿತು.

ಆಮೇಲೆ ಅವರು ನಿಧಾನಕ್ಕೆ ಭುಜ ಇಳಿಸಿದರು.